ಹಿಂದೆ ಕೂರುವವರ ಹೆಲ್ಮೆಟ್

ಬುಧವಾರ ಬೆಳಿಗ್ಗೆ ಹನ್ನೊಂದೂಕಾಲಿಗೆ ಠಾಣೆಗೆ ಓಡಿ ಬಂದವನು ಅಂಗಿಯ ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡಿದ್ದ. ಇನ್‌ಸ್ಪೆಕ್ಟರ್ ಆಗಷ್ಟೇ ಮೇಲಧಿಕಾರಿಯ ಫೋನ್ ಇಟ್ಟು, ಆ ಸಿಟ್ಟನ್ನು ಯಾರ ಮೇಲೆ ಇಳಿಸಲಿ ಎಂದು ನೋಡುತ್ತ ಕುಳಿತಿದ್ದಳು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಹೆಂಗಸು ಎಂದು ಠಾಣೆಯವರೆಲ್ಲ ಅವಳ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

"ನಮ್ಮ ಭಾವನ್ನ ಹೊಡೆದು ಹಾಕಿದ್ರು ಮೇಡಂ. ಅಂಗಡಿ ದೋಚ್ಕೊಂಡು ಹೋದ್ರು."

"ಎಷ್ಟು ಜನ?"

"ಒಬ್ಬ."

"ನೀವು ನೋಡಿದ್ರಾ?"

"ಇಲ್ಲ. ಆಸ್ಪತ್ರೆಯಿಂದ ಭಾವನೇ ಫೋನ್ ಮಾಡಿದ್ರು."

"ಹೊಡೆದು ಹಾಕಿದ ಮೇಲೂ ಫೋನ್ ಮಾಡಿದ್ರಾ?"

ಪಕ್ಕದ ಮೇಜಿನ ದಫೇದಾರ ಕೆಮ್ಮಿ ನಗು ನುಂಗಿಕೊಂಡ. ಭಾವ ಎಂದರೆ ವಾಹನ ಬಿಡಿಭಾಗಗಳ ಬೀದಿಯ ಹೆಲ್ಮೆಟ್ ಅಂಗಡಿಯವನು. ಮಾತಿಗೊಮ್ಮೆ 'ಗ್ಯಾರಂಟಿ' ಎನ್ನುವ ಚಾಳಿಯಿಂದ ಬೀದಿಗೆಲ್ಲ ಗ್ಯಾರಂಟಿ ಎಂದೇ ಹೆಸರಾಗಿದ್ದ. ಅಂಗಡಿ ತೆರೆದ ಹೊತ್ತಿಗೆ ಯಾರೋ ಒಳಗೆ ಬಂದು, ಕಬ್ಬಿಣದ ಸ್ಪ್ಯಾನರಿನಿಂದ ತಲೆಗೆ ಹೊಡೆದು, ಗಲ್ಲಾಪೆಟ್ಟಿಗೆಯ ಹಣವನ್ನೆಲ್ಲ ಬಾಚಿಕೊಂಡು ಹೋದ ಎಂಬುದು ದೂರು. ಸುಲಿಗೆ ಮತ್ತು ಕೊಲೆಯತ್ನದಡಿ ಎಫ್‌ಐಆರ್ ದಾಖಲಾಯಿತು. ಸಾಬೀತಾದರೆ ಹತ್ತು ವರ್ಷ ಜೈಲಾಗಬಹುದಾದ ಕೇಸು.

ಅಂಗಡಿಯ ಮೂರು ಗೋಡೆಗಳ ಉದ್ದಕ್ಕೂ ಹೆಲ್ಮೆಟ್‌ಗಳು ಸಾಲಾಗಿ ಕುಳಿತಿದ್ದವು. ಗಾಜಿನ ಕಪಾಟಿನಲ್ಲಿ ದುಬಾರಿಯವು, ಹೊರಗೆ ತೆರೆದ ಹಲಗೆಗಳ ಮೇಲೆ ಅಗ್ಗದವು. ಒಂದೂ ಅಲುಗಿರಲಿಲ್ಲ. ಎದುರಂಗಡಿಯಲ್ಲಿ ಬೈಕಿನ ಸೀಟ್ ಕವರ್ ಹೊಲಿಯುವ ಹೆಂಗಸನ್ನೂ ಪಕ್ಕದ ಹಾರ್ನ್ ಅಂಗಡಿಯವನನ್ನೂ ಪಂಚರಾಗಿ ಕರೆಸಿ ಪಂಚನಾಮೆ ಶುರುವಾಯಿತು. ಇನ್‌ಸ್ಪೆಕ್ಟರ್ ಹೇಳುತ್ತ ಹೋದಳು, ದಫೇದಾರ ಬರೆಯುತ್ತ ಹೋದ.

ನೆಲದ ಮೇಲೆ ದುಬಾರಿ ಹೆಲ್ಮೆಟ್ ಒಂದು. ನೆತ್ತಿಯಲ್ಲಿ ಬಣ್ಣ ಹಾರಿ ಬಟ್ಟಲಿನಷ್ಟು ಅಗಲ ತಗ್ಗಾಗಿತ್ತು, ಒಡೆದಿರಲಿಲ್ಲ. ಕೌಂಟರಿನ ಮೇಲೆ ಅಗ್ಗದ ಹೆಲ್ಮೆಟ್ ಒಂದು. ಅದು ಸರಿಯಾಗಿ ಎರಡು ಹೋಳಾಗಿತ್ತು.

"ಗಲ್ಲಾಪೆಟ್ಟಿಗೆ?"

"ಬೀಗ ಹಾಕಿದೆ ಮೇಡಂ," ಎಂದ ದಫೇದಾರ.

ಭಾಮೈದ ಜೇಬಿನಿಂದ ಕೀಲಿ ತೆಗೆದ. ಠಾಣೆಗೆ ಬರುವ ಮುಂಚೆ ಆಸ್ಪತ್ರೆಗೆ ಹೋದಾಗ ಭಾವನೇ ಸೊಂಟದಿಂದ ಬಿಚ್ಚಿ ಕೊಟ್ಟದ್ದಂತೆ. ಪೆಟ್ಟಿಗೆ ತೆರೆದರೆ ನೋಟಿನ ಕಂತೆಗಳು ರಬ್ಬರ್ ಬ್ಯಾಂಡ್ ಸಮೇತ ತಣ್ಣಗೆ ಮಲಗಿದ್ದವು.

"ಕಳ್ಳ ಬಾಚ್ಕೊಂಡು, ಮತ್ತೆ ಜೋಡಿಸಿಟ್ಟು, ಬೀಗ ಹಾಕಿ, ಕೀಲಿನ ನಿಮ್ಮ ಭಾವನ ಸೊಂಟಕ್ಕೆ ಕಟ್ಟಿ ಹೋದ್ನಾ?"

ಭಾಮೈದ ತಲೆ ಕೆರೆದುಕೊಂಡ. ನೋಟಿನ ಕೆಳಗೆ ಬೆಳ್ಳಿಯ ಬಣ್ಣದ ಸ್ಟಿಕರುಗಳ ಒಂದು ದೊಡ್ಡ ಸುರುಳಿ ಇತ್ತು. ಇನ್‌ಸ್ಪೆಕ್ಟರ್ ಒಂದನ್ನು ಬಿಡಿಸಿ, ಹಲಗೆಯ ಮೇಲಿನ ಅಗ್ಗದ ಹೆಲ್ಮೆಟ್ಟಿನ ಹಿಂಬದಿಗೆ ಹಿಡಿದು ನೋಡಿದಳು. ಅಲ್ಲಿ ಅಂಟಿಸಿದ್ದೂ ಇದೇ, ಗುಣಮಟ್ಟ ಸಾರುವ ಸರ್ಕಾರಿ ಮುದ್ರೆ.

"ಇದನ್ನ ಫ್ಯಾಕ್ಟರಿಲಿ ಪರೀಕ್ಷೆ ಆದ ಮೇಲೆ ಅಂಟಿಸ್ತಾರೆ. ಇಲ್ಲೇನು ಮಾಡ್ತಿದೆ?"

"ಎಲ್ಲಾದ್ರೂ ಕಿತ್ತು ಹೋದ್ರೆ ಅಂಟಿಸೋಕೆ ಮೇಡಂ," ಎಂದ ಭಾಮೈದ.

"ಇಡೀ ಸುರುಳಿನಾ?"

ದಫೇದಾರ ಮೆಲ್ಲಗೆ ಹೇಳಿದ, "ಕಡಿಮೆ ರೇಟಿಂದೆಲ್ಲ ಹೀಗೇನಾ ಮೇಡಂ? ನಂದೂ ಕಡಿಮೆ ರೇಟಿಂದೇ."

"ನಿಮ್ಮದು ಪರೀಕ್ಷೆ ಆಗಿ ಬಂದದ್ದು. ಒಳಗೆ ಗಟ್ಟಿ ಥರ್ಮೋಕೋಲ್ ಇದೆ, ಬಿದ್ದ ಏಟನ್ನ ಅದೇ ತಿನ್ನುತ್ತೆ. ಇದರೊಳಗೆ ನೋಡಿ." ಅವಳು ಹೋಳಿನ ಒಳಗೆ ಬೆರಳು ಹಾಕಿ ಎಳೆದಳು. ಬೆರಳ ದಪ್ಪದ ಸ್ಪಂಜು, ಅದರ ಹಿಂದೆ ಬಕೆಟ್ಟಿನ ಪ್ಲಾಸ್ಟಿಕ್ಕು. ಅವಳಿಗೆ ಮೈಯೆಲ್ಲ ಉರಿಯಿತು.

"ಊರಿಗೆಲ್ಲ ಟೋಪಿ ಹಾಕಿದಾನೆ," ಎಂದು ಗೊಣಗುತ್ತ ದಫೇದಾರ ಹಲಗೆಗಳ ಸಾಲನ್ನು ಎಣಿಸಲು ಹೋದ. ಅರ್ಧಕ್ಕೆ ನಿಂತ. ಹೊಸ ಹೆಲ್ಮೆಟ್‌ಗಳ ನಡುವೆ ಒಂದು ಹಳೆಯದನ್ನು ಯಾರೋ ಒಪ್ಪವಾಗಿ ಕೂರಿಸಿದ್ದರು. ಕಿವಿಯ ಮೇಲಿಂದ ನೆತ್ತಿಯವರೆಗೆ ಬಾಯಿ ಬಿಟ್ಟಿತ್ತು. ಒಳಗಿನ ಸ್ಪಂಜಿಗೆ ಹೆಂಗಸರ ಕೂದಲ ಕ್ಲಿಪ್ಪೊಂದು ಸಿಕ್ಕಿಕೊಂಡಿತ್ತು. ಪಟ್ಟಿಗೆ ಒಂದು ತುಂಡು ದಾರ, ದಾರದ ತುದಿಯಲ್ಲಿ ಕೆಂಪು ಅರಗಿನ ಚೂರು.

ದಫೇದಾರನ ಮುಖ ಇಳಿದು ಹೋಯಿತು.

"ಇದು ನಮ್ಮ ಠಾಣೆ ಅರಗು ಮೇಡಂ. ಎರಡು ತಿಂಗಳ ಹಿಂದೆ ಬಸ್ ಆಕ್ಸಿಡೆಂಟ್ ಕೇಸಲ್ಲಿ ಜಪ್ತಿ ಮಾಡಿದ್ದು. ಕೋರ್ಟಿಂದ ಆದೇಶ ಬಂತು ಅಂತ ನಿನ್ನೆ ಸಂಜೆ ನಾನೇ ವಾಪಸ್ ಕೊಟ್ಟೆ. ಇದನ್ನೂ ಇದರ ಜೋಡಿನೂ, ಸತ್ತವಳ ಗಂಡನ ಕೈಗೆ."

"ಏನಂತ ಕೊಟ್ರಿ?"

"ಏನಂತಾರೆ ಮೇಡಂ? ಸಹಿ ಹಾಕಿ ತಗೊಂಡು ಹೋಗಿ ಅಂದೆ."

ಇನ್‌ಸ್ಪೆಕ್ಟರಿಗೆ ಆ ಕೇಸು ನೆನಪಿತ್ತು. ಬಸ್ಸು ಸೂಚನೆಯಿಲ್ಲದೆ ಎಡಕ್ಕೆ ತಿರುಗಿತ್ತು, ಬೈಕು ಜಾರಿ ಗಂಡಹೆಂಡತಿ ಇಬ್ಬರೂ ರಸ್ತೆಗೆ ಬಿದ್ದಿದ್ದರು. ಗಂಡ ಎದ್ದು ನಿಂತ, ಹೆಂಡತಿ ಏಳಲಿಲ್ಲ. 'ಇಬ್ಬರೂ ಹೆಲ್ಮೆಟ್ ಧರಿಸಿದ್ದರು' ಎಂದು ವರದಿಗೆ ಇವಳೇ ಸಹಿ ಹಾಕಿದ್ದಳು.

ಸೀಟ್ ಕವರಿನ ಹೆಂಗಸು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಹೇಳಿಕೆ ಕೊಟ್ಟಳು.

"ಜಗಳ ಏನೂ ಆಗ್ಲಿಲ್ಲ ಮೇಡಂ. ಆ ಮನುಷ್ಯ ದನಿ ಎತ್ತಲೂ ಇಲ್ಲ. ಗ್ಯಾರಂಟಿ ಎರಡು ಹೆಲ್ಮೆಟ್ ತೆಗೆದು ಕೌಂಟರ್ ಮೇಲಿಟ್ಟ. ಓಡಿಸೋರಿಗೆ ಇದು, ಹಿಂದೆ ಕೂರೋರಿಗೆ ಅದು, ಪೊಲೀಸರಿಗೆ ತೋರ್ಸೋಕೆ ಸಾಕು ಅಂದ. ಎಲ್ರಿಗೂ ಅದನ್ನೇ ಹೇಳ್ತಾನೆ, ನಂಗೆ ಬಾಯಿಪಾಠ ಆಗಿದೆ."

"ಪೊಲೀಸರಿಗೆ ತೋರ್ಸೋಕೆ?"

"ಹೂಂ ಮೇಡಂ. ಆಮೇಲೆ ಆ ಮನುಷ್ಯ ಚೀಲದಿಂದ ಸ್ಪ್ಯಾನರ್ ತೆಗೆದು, ನಿಮ್ಮ ತಲೆಗೆ ಒಂದೇ ಏಟು ಹೊಡೀತೀನಿ, ಎರಡರಲ್ಲಿ ಯಾವುದು ಬೇಕೋ ಹಾಕ್ಕೊಳ್ಳಿ ಅಂದ."

"ನೀವು ಕೂಗ್ಲಿಲ್ವಾ?"

"ಗಟ್ಟಿ ಇದೆಯೋ ಇಲ್ವೋ ಪರೀಕ್ಷೆ ಮಾಡ್ತಿದಾರೆ ಅಂದ್ಕೊಂಡೆ. ಏಟು ಬಿದ್ದ ಮೇಲೆ ಕೂಗಿದೆ. ಅಷ್ಟರಲ್ಲಿ ಇನ್ನೊಂದನ್ನೂ ಕೌಂಟರ್ ಮೇಲೇ ಒಡೆದು, ಹಾಗೇ ನಡ್ಕೊಂಡು ಹೋದ. ಓಡಲೂ ಇಲ್ಲ."

ಮಧ್ಯಾಹ್ನ ಒಂದೂವರೆಗೆ ಇನ್‌ಸ್ಪೆಕ್ಟರ್ ಆಸ್ಪತ್ರೆಯಲ್ಲಿದ್ದಳು. ಕತ್ತು ಉಳುಕಿದೆ, ಬಿದ್ದಾಗ ಮೊಣಕೈ ತರಚಿದೆ, ಅಷ್ಟೇ ಎಂದರು ಡಾಕ್ಟರು. ಕತ್ತಿಗೆ ಪಟ್ಟಿ ಬಿಗಿಸಿಕೊಂಡು ಗ್ಯಾರಂಟಿ ದಿಂಬಿಗೆ ಒರಗಿದ್ದ. ಅವಳನ್ನು ಕಂಡದ್ದೇ ನರಳತೊಡಗಿದ.

"ನಿಮ್ಮ ತಲೆ ಮೇಲೆ ಯಾವ ಹೆಲ್ಮೆಟ್ ಇತ್ತು?"

"ನೆನಪಿಲ್ಲ ಮೇಡಂ."

"ತಲೆ ನಿಮ್ಮದೇ ತಾನೇ?"

"ಗಾಬರೀಲಿ ಯಾವುದೋ ಕೈಗೆ ಸಿಕ್ಕಿದ್ದು."

"ಕೈಗೆ ಹತ್ತಿರ ಇದ್ದದ್ದು ಯಾವುದು?"

ಅವನು ದಿಂಬು ಸರಿಮಾಡಿಕೊಂಡ.

"ಗಲ್ಲಾಪೆಟ್ಟಿಗೆ ತೆಗೆದು ನೋಡಿದ್ವಿ."

"ಅಯ್ಯೋ, ಸ್ಟಿಕರ್ ಎಲ್ಲಾ ಅಂಗಡೀಲೂ ಇರುತ್ತೆ ಮೇಡಂ, ನಂದೊಂದೇ ಅಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಸ್ಟಿಕರಿನ ಸುದ್ದಿಯನ್ನು ಅವಳು ಎತ್ತಿಯೇ ಇರಲಿಲ್ಲ. ಅವಳು ಮಂಚದ ಕಂಬಿ ಹಿಡಿದು ಬಾಗಿದಳು. ಅಲ್ಲಿಗೆ ಬಹುವಚನ ಮುಗಿಯಿತು.

"ಹಣ ಹೋಗಿದೆ ಅಂತ ಯಾಕೆ ಬರೆಸಿದೆ?"

"ಬರೀ ಹೊಡೆದ ಅಂದ್ರೆ, ಯಾಕೆ ಹೊಡೆದ ಅಂತ ಕೇಳ್ತೀರಲ್ಲ ಮೇಡಂ."

"ಅದಕ್ಕೆ ಅವನಿಗೆ ಹತ್ತು ವರ್ಷ ಜೈಲು. ಪೊಲೀಸರಿಗೆ ತೋರ್ಸೋಕೆ ಸಾಕು ಅಂತ ನಮ್ಮ ಹೆಸರಲ್ಲಿ ವ್ಯಾಪಾರ ಬೇರೆ. ನಿನ್ನ ಹೆಂಡತಿ ಗಾಡಿ ಹಿಂದೆ ಕೂರ್ತಾಳಾ?"

"ಕೂರ್ತಾಳೆ."

"ಅವಳ ತಲೆ ಮೇಲೆ ಯಾವುದಿರುತ್ತೆ?"

ಅವನು ಗೋಡೆಯ ಕಡೆ ತಿರುಗಲು ಹೋದ. ಕತ್ತಿನ ಪಟ್ಟಿ ಬಿಡಲಿಲ್ಲ. ಹೊರಗೆ ಬಂದು ಅವಳು ಠಾಣೆಗೆ ಫೋನ್ ಮಾಡಿ, ಖೋಟಾ ಮುದ್ರೆ ಮತ್ತು ವಂಚನೆಗಾಗಿ ಗ್ಯಾರಂಟಿಯ ಮೇಲೆಯೇ ಇನ್ನೊಂದು ಎಫ್‌ಐಆರ್ ತಯಾರು ಮಾಡಲು ಹೇಳಿದಳು. ಹೇಳುವಾಗ ದನಿ ಎಷ್ಟು ಏರಿತ್ತೆಂದರೆ ವಾರ್ಡಿನ ನರ್ಸು ಬಾಗಿಲಿಗೆ ಬಂದು ತುಟಿಯ ಮೇಲೆ ಬೆರಳಿಟ್ಟಳು.

ಗಂಡನ ವಿಳಾಸ ಹಳೆಯ ಕೇಸಿನಲ್ಲೇ ಇತ್ತು. ಎರಡನೆಯ ಮಹಡಿಯ ಪುಟ್ಟ ಮನೆ. ಬಾಗಿಲು ತೆರೆದದ್ದು ಅವನ ಅತ್ತೆ, ಸತ್ತವಳ ತಾಯಿ, ಹಾಸ್ಟೆಲೊಂದರಲ್ಲಿ ಅಡಿಗೆ ಮಾಡುವವಳು. ಮಗಳು ಇದ್ದಾಗಿನಿಂದಲೂ ಅದೇ ಮನೆಯಲ್ಲಿ ಇದ್ದವಳು, ಈಗಲೂ ಅಳಿಯನ ಜೊತೆಗೇ ಇದ್ದಳು.

"ಅಳಿಯಂದ್ರು ಕೆಲಸಕ್ಕೆ ಹೋಗಿದಾರೆ. ಲಿಫ್ಟ್ ರಿಪೇರಿ."

"ಬೆಳಿಗ್ಗೆ ಹೇಗಿದ್ರು?"

"ಹೇಗಿರ್ತಾರೆ? ತಿಂಡಿ ತಿನ್ನದೆ ಹೋದ್ರು."

"ನಿನ್ನೆ ಸಂಜೆ ಹೆಲ್ಮೆಟ್ ತಂದ್ರಲ್ಲ, ಆಗ ಏನಾದ್ರೂ ಮಾತಾಯ್ತಾ?"

ಆಕೆ ಇನ್‌ಸ್ಪೆಕ್ಟರ್ ತಲೆಯ ಮೇಲಿನ ಟೋಪಿಯನ್ನು ನೋಡಿದಳು. "ನಮ್ಮ ಮನೇಲಿ ಮಾತು ಕಡಿಮೆ," ಎಂದು ಕೆಲಸದ ಜಾಗದ ಗುರುತು ಹೇಳಿದಳು.

ಅದೊಂದು ಎಂಟು ಮಹಡಿಯ ಕಚೇರಿ ಕಟ್ಟಡ. ಮೇಲಿನ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು, ಅಳಿಯ ಕೆಳಗೆ ಲಿಫ್ಟಿನ ಪೆಟ್ಟಿಗೆಯ ಮೇಲೆ ಕುಳಿತು, ಅದನ್ನು ಎಳೆಯುವ ಉಕ್ಕಿನ ಹಗ್ಗದ ಕ್ಲಾಂಪು ಬಿಗಿಯುತ್ತಿದ್ದ. ಕೈಯಲ್ಲಿದ್ದದ್ದು ಅದೇ ಸ್ಪ್ಯಾನರು. ದಫೇದಾರ ಮುಂದೆ ಹೋಗಲು ಹೆದರಿ ನಿಂತ.

"ಬಂದ್ರಾ ಮೇಡಂ? ಇನ್ನೆರಡು ಬೋಲ್ಟ್ ಇದೆ. ಬಿಟ್ಟು ಬಂದ್ರೆ ಯಾರಾದ್ರೂ ಹತ್ತಿಬಿಡ್ತಾರೆ."

ಇನ್‌ಸ್ಪೆಕ್ಟರ್ ಕಾದಳು. ಅವನು ಎರಡೂ ಬೋಲ್ಟು ಬಿಗಿದು, ಒಮ್ಮೆ ಎಳೆದು ನೋಡಿ, ಮೇಲೆ ಹತ್ತಿ ಬಂದು ಸ್ಪ್ಯಾನರನ್ನು ಹಿಡಿಯ ಕಡೆಯಿಂದ ಅವಳ ಕೈಗೆ ಕೊಟ್ಟ. ಸಂಜೆ ನಾಲ್ಕು ಗಂಟೆಗೆ ದಸ್ತಗಿರಿ ಎಂದು ದಫೇದಾರ ಬರೆದುಕೊಂಡ.

ಠಾಣೆಯಲ್ಲಿ ಅವನು ಹೇಳಿಕೆ ಕೊಡಲು ತಡಮಾಡಲಿಲ್ಲ.

"ಅಂಗಡಿಗೆ ಯಾಕೆ ಹೋದೆ?"

"ನಿನ್ನೆ ಎರಡೂ ಹೆಲ್ಮೆಟ್ ಮೇಜಿನ ಮೇಲಿಟ್ಟೆ. ಅತ್ತೆ ಬಟ್ಟೆ ತಗೊಂಡು ಎರಡನ್ನೂ ಒರೆಸಿದ್ರು. ಒರೆಸ್ತಾ, ಎರಡೂ ಒಂದೇ ರೇಟಾ ಅಂತ ಕೇಳಿದ್ರು. ಎರಡು ತಿಂಗಳಲ್ಲಿ ಅದೊಂದೇ ಮಾತು ಅವ್ರು ಕೇಳಿದ್ದು."

"ಏನಂದೆ?"

"ಹೂಂ, ಒಂದೇ ಅಂದೆ."

ದಫೇದಾರನ ಪೆನ್ನು ನಿಂತಿತು. ಇನ್‌ಸ್ಪೆಕ್ಟರ್ ಬರೆಯಿರಿ ಎಂದು ಅವನಿಗೆ ಕಣ್ಣಲ್ಲೇ ಸನ್ನೆ ಮಾಡಿದಳು.

"ಅಗ್ಗದ್ದನ್ನ ಯಾರು ಆರಿಸಿದ್ದು?"

"ಅವಳೇ. ಗಾಡಿ ಓಡಿಸೋರು ನೀವು, ನಿಮಗೆ ಒಳ್ಳೇದಿರ್ಲಿ, ನಂಗೆ ಯಾವುದಾದ್ರೂ ಆಗುತ್ತೆ ಅಂದ್ಲು. ಅವನು ತಕ್ಷಣ ಹೌದಮ್ಮ, ಗ್ಯಾರಂಟಿ, ಹಿಂದೆ ಕೂರೋರಿಗೆ ಇಷ್ಟು ಸಾಕು ಅಂದ. ಇವತ್ತು ಬೆಳಿಗ್ಗೆ ಅವಳದ್ದನ್ನ ಅವನ ಹಲಗೆ ಮೇಲಿಟ್ಟು, ಜೋಡಿ ಕೊಡಿ ಅಂದೆ. ಒಂದಕ್ಷರ ಬದಲಾಯಿಸದೆ ಮತ್ತೆ ಅದೇ ಹೇಳಿದ. ನನ್ನ ಮುಖ ಕೂಡ ಅವನಿಗೆ ನೆನಪಿರ್ಲಿಲ್ಲ."

"ಅವನು ಅಗ್ಗದ್ದನ್ನ ಹಾಕ್ಕೊಂಡಿದ್ರೆ ಹೊಡೀತಿದ್ಯಾ?"

"ಇಲ್ಲ ಮೇಡಂ. ಸುಮ್ನೆ ಮನೆಗೆ ಹೋಗ್ತಿದ್ದೆ. ಪಾಪ, ಅವನಿಗೂ ಗೊತ್ತಿರ್ಲಿಲ್ಲ ಅಂದ್ಕೋತಿದ್ದೆ. ಅಗ್ಗದ್ದು ಅವನ ಕೈಹತ್ರಾನೇ ಇತ್ತು. ಅದನ್ನ ಸರಿಸಿ, ಆಚೆ ಇದ್ದದ್ದನ್ನ ಎಳ್ಕೊಂಡ."

"ಅವನಿಗೆ ಗೊತ್ತಿತ್ತು. ನಿನಗೆ?"

"ಲಿಫ್ಟಿಗೆ ಕಡಿಮೆ ರೇಟಿನ ಹಗ್ಗ ಹಾಕು ಅಂತ ಎಷ್ಟೋ ಮಾಲೀಕರು ಹೇಳ್ತಾರೆ. ಕೆಲಸ ಹೋದ್ರೂ ಹಾಕಲ್ಲ ಅಂತೀನಿ."

"ನಾನು ಕೇಳಿದ್ದು ಅದಲ್ಲ."

ಅವನು ತನ್ನ ಅಂಗೈಯ ಗ್ರೀಸನ್ನು ಉಜ್ಜುತ್ತ ಕುಳಿತ.

"ಗೊತ್ತಿತ್ತು ಮೇಡಂ. ಕೈಯಲ್ಲಿ ಹಿಡಿದಾಗಲೇ ಗೊತ್ತಾಯ್ತು. ಅವಳೇ ಬೇಡ ಅಂದ್ಲಲ್ಲ ಅಂತ ಸುಮ್ಮನಾದೆ."

"ಇದನ್ನೂ ಬರ್ಕೊಳ್ಳೋದಾ ಮೇಡಂ?" ದಫೇದಾರ ಕೇಳಿದ.

"ಬೇಡ. ಕೇಸಿಗೆ ಬೇಕಿಲ್ಲ. ಸುಲಿಗೆ ಸೆಕ್ಷನ್ ಕೈಬಿಡೋಕೆ ಕೋರ್ಟಿಗೆ ಬರೀರಿ."

ಅವಳು ಕುರ್ಚಿ ಹಿಂದೆ ತಳ್ಳಿ ಹೊರಗೆ ಬಂದಳು. ಬೆಳಗಿನಿಂದ ಹೊತ್ತುಕೊಂಡು ತಿರುಗಿದ ಸಿಟ್ಟನ್ನು ಈಗ ಯಾರ ಮೇಲೆ ಇಳಿಸಬೇಕೆಂದು ಅವಳಿಗೆ ತೋಚಲಿಲ್ಲ. ಗ್ಯಾರಂಟಿಯ ಮೇಲೆ ಇಳಿಸಿದ್ದಾಗಿತ್ತು. ಅದು ಮುಗಿದಿರಲಿಲ್ಲ.

ಹೊರಗಿನ ಬೆಂಚಿನ ಮೇಲೆ ಅವನ ಅತ್ತೆ ಕುಳಿತಿದ್ದಳು. ಕೆಲಸದಿಂದ ನೇರವಾಗಿ ಬಂದಿದ್ದಳು, ಸೆರಗಿನಲ್ಲಿ ಒಗ್ಗರಣೆಯ ವಾಸನೆ ಇತ್ತು.

"ಒಪ್ಕೊಂಡ್ರಾ?"

"ಒಪ್ಕೊಂಡ್ರು."

"ಹೊಡೆದದ್ದಲ್ಲ. ರೇಟಿಂದು."

ಇನ್‌ಸ್ಪೆಕ್ಟರ್ ಆಕೆಯ ಪಕ್ಕ ಕುಳಿತಳು.

"ನಿಮಗೆ ಗೊತ್ತಿತ್ತಾ ಅಮ್ಮಾ?"

"ತಂದ ದಿನಾನೇ ಮಗಳು ಹೇಳಿದ್ಲು. ಅವರಿಗೆ ಚೆನ್ನಾಗಿರೋದು ಕೊಡ್ಸಿದೀನಮ್ಮ ಅಂತ ಕುಣಿದಾಡಿದ್ಲು. ಅವರ ಬಾಯಲ್ಲಿ ಒಂದ್ಸಲ ಬರ್ಲಿ ಅಂತ ನಿನ್ನೆ ಕೇಳ್ದೆ. ನಿಜ ಅಂದಿದ್ರೆ ಇಬ್ರೂ ಕೂತು ಅತ್ತು ಮುಗಿಸ್ತಿದ್ವಿ. ಒಂದೇ ಅಂದ್ರು. ನಾನು ಬಟ್ಟೆ ಮಡಚಿಟ್ಟು ಒಳಗೆ ಹೋದೆ."

ಆಕೆ ಎದ್ದು ಸೆರಗು ಸರಿಮಾಡಿಕೊಂಡಳು.

"ನೋಡಬಹುದಾ ಅವರನ್ನ?"

"ಐದು ನಿಮಿಷ," ಎಂದಳು ಇನ್‌ಸ್ಪೆಕ್ಟರ್. ಆಕೆ ಒಳಗೆ ಹೋದ ಮೇಲೆ ದಫೇದಾರನನ್ನೂ ಹೊರಗೆ ಕರೆದು, ಬಾಗಿಲು ಎಳೆದುಕೊಂಡಳು.