ಹತ್ತು ಪೈಸೆಗೆ ಎರಡು ಸಿಂಹ

ಕಬ್ಬಿಣದ ರಾಡು ನನ್ನ ಭುಜಕ್ಕೆ ಬಿತ್ತು. ಬೈಕಿನ ಸಮೇತ ಉರುಳಿದೆ!

"ಮಿಲ್‌ನೊಳಗ ಕಾಲಿಟ್ರ ಅದನ್ನೂ ಮುರೀತೀನಿ ಲೇ!" ಗೇಟಿನಲ್ಲಿ ನಿಂತಿದ್ದ ಮಾಲೀಕನ ಆಳು ಹುಲುಗಪ್ಪ ಕೂಗಿದ.

"ತಾಯಪ್ಪ ಎಲ್ಲಿ?"

ಉತ್ತರ ಒಳಗಿನಿಂದ ಬಂತು. ಚೀರಾಟ... ಅಕ್ಕಿ ಮಿಲ್ಲಿನ ಸದ್ದನ್ನೂ ಮೀರಿದ ಚೀರಾಟ!

ತಡವಾಗಿತ್ತು. ಹತ್ತು ನಿಮಿಷ ತಡ.

ಆ ಹತ್ತು ನಿಮಿಷ ಎಲ್ಲಿ ಹೋಯಿತು ಅಂತ ಆಮೇಲೆ ಹೇಳುತ್ತೇನೆ. ಮೊದಲು ನಾಣ್ಯದ ವಿಷಯ ಕೇಳಿ.

1984. ಹೊಸಪೇಟೆ ಬಸ್‌ಸ್ಟ್ಯಾಂಡ್ ಎದುರಿನ ಲಾಡ್ಜ್‌ನಲ್ಲಿ ಲೆನ್ಸ್ ಹಿಡಿದು ಕೂತವನು ನಾನು. ತಪ್ಪಾಗಿ ಅಚ್ಚಾದ ಚಿಲ್ಲರೆ ನಾಣ್ಯ ಅಸಲಿಯೋ ನಕಲಿಯೋ ಹೇಳುವುದು ನನ್ನ ಕಸುಬು. ಟಂಕಸಾಲೆಯಲ್ಲಿ ಹುಟ್ಟುವಾಗಲೇ ಆದ ತಪ್ಪಾದರೆ ಹತ್ತು ಪೈಸೆಗೆ ಸಾವಿರಗಟ್ಟಲೆ ರೇಟು. ಆಮೇಲೆ ಆದ ಗಾಯವಾದರೆ... ಹತ್ತು ಪೈಸೆ, ಅಷ್ಟೇ!

ತಾಯಪ್ಪ ಸಂಡೂರಿನ ಗಣಿ ವರ್ಕ್‌ಶಾಪಿನಲ್ಲಿ ಫಿಟ್ಟರ್. ಚಹಾದಂಗಡಿಯ ಚಿಲ್ಲರೆಯಲ್ಲಿ ಅವನಿಗೊಂದು ಹತ್ತು ಪೈಸೆ ಸಿಕ್ಕಿತು. ಮುಂದೆ ಸಿಂಹ. ಹಿಂದೆ ಅಂಕಿ ಇರಬೇಕಾದಲ್ಲಿ ಅದೇ ಸಿಂಹ, ಉಲ್ಟಾ ಆಗಿ ಒಳಕ್ಕೆ ಇಳಿದಿತ್ತು. ಮೊದಲು ಒತ್ತಿದ ನಾಣ್ಯ ಅಚ್ಚಿಗೆ ಅಂಟಿಕೊಂಡು ಉಳಿದರೆ ಮುಂದಿನ ನಾಣ್ಯಕ್ಕೆ ಹಾಗಾಗುತ್ತದೆ. ನಾಣ್ಯ ಕೂಡಿಡುವ ಹುಚ್ಚಿನ ಕಂಪ್ಲಿಯ ಮಿಲ್ ಮಾಲೀಕ ಕೊಟ್ರಯ್ಯ ಅದನ್ನು ಅವನಿಂದ ಮೂರು ಸಾವಿರಕ್ಕೆ ಕೊಂಡ. ಗ್ಯಾರಂಟಿಗೆ ಅಂತ ನನಗೆ ತೋರಿಸಿದ.

ಅಸಲಿ! ನೋಡಿದ ಕೂಡಲೇ ಗೊತ್ತಾಯಿತು.

"ನಕಲಿ ರೀ," ಅಂದೆ. "ಎರಡು ನಾಣ್ಯ ಕೂಡಿಸಿ ವೈಸ್‌ನ್ಯಾಗ ಒತ್ಯಾರ."

ಕೊಟ್ರಯ್ಯ ಅದನ್ನು ನನ್ನ ಮುಖಕ್ಕೆ ಎಸೆದ. ನನಗೆ ಬೇಕಾಗಿದ್ದೂ ಅದೇ. ಜೇಬಿಗಿಳಿಸಿದೆ.

ನಕಲಿ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಜಾಣತನ ತೋರಿಸೋಕೆ ವೈಸ್ ಅಂದೆ... ಕಬ್ಬಿಣ ಬಿಗಿಹಿಡಿಯುವ ಆ ವೈಸ್ ಯಾರ ಹತ್ತಿರ ಇರುತ್ತದೆ? ಫಿಟ್ಟರ್ ಹತ್ತಿರ!

ಮರುದಿನ ಬೆಳಿಗ್ಗೆ ತಾಯಪ್ಪನ ಹೆಂಡತಿ ಗಾಳೆಮ್ಮ ಲಾಡ್ಜಿಗೆ ಓಡಿ ಬಂದಳು.

"ಅಣ್ಣಾ, ಇವ್ರು ಸಂಡೂರು ಬಸ್ಸಿಗೆ ನಿಂತಿದ್ರು, ಕೊಟ್ರಯ್ಯನ ಮಂದಿ ಜೀಪ್‌ನ್ಯಾಗ ಎತ್ತಾಕ್ಕೊಂಡು ಹೋದ್ರು! ಮೋಸ ಮಾಡಿದ ಕೈ ಮಿಲ್ಲಿನ ಮಿಷಿನ್‌ಗೆ ಕೊಡ್ತಾರಂತ! ಜಲ್ದಿ ಹೋಗಿ ನೀವೊಂದು ಮಾತು ಹೇಳ್ರಿ..."

ಬೈಕ್ ಹಾರಿಸಿದೆ. ಬುಕ್ಕಸಾಗರದ ಹತ್ತಿರ ಕಾಲುವೆ ಪಕ್ಕ ನಿಲ್ಲಿಸಿದೆ. ಸಿಗರೇಟು ಹಚ್ಚಿದೆ. ತಾಯಪ್ಪನ ಕೈಯೂ ಉಳಿಯಬೇಕು, ನಾಣ್ಯವೂ ನನ್ನಲ್ಲೇ ಉಳಿಯಬೇಕು... ಅಂಥದೊಂದು ಸುಳ್ಳು ಹುಡುಕುತ್ತಿದ್ದೆ. ಹತ್ತು ನಿಮಿಷ! ಥೂ... ಇವತ್ತಿಗೂ ಆ ಕಾಲುವೆ ದಾಟುವಾಗ ನನ್ನ ಮೇಲೆ ನನಗೇ ಹೇಸಿಗೆ.

ಗೇಟಿನಲ್ಲಿ ಉರುಳಿದವನು ಎದ್ದು, ಹುಲುಗಪ್ಪನ ಹೊಟ್ಟೆಗೆ ಒದ್ದು ಒಳಗೆ ನುಗ್ಗಿದೆ. ತಾಯಪ್ಪ ತೌಡಿನ ಮೇಲೆ ಬಿದ್ದಿದ್ದ. ಬಲಗೈಗೆ ಟವೆಲ್ ಸುತ್ತಿತ್ತು, ಟವೆಲೆಲ್ಲ ರಕ್ತ. ಇಬ್ಬರು ಅವನ ಎಡಗೈಯನ್ನು ಮಿಷಿನ್ನಿನ ಓಡುವ ಬೆಲ್ಟಿನತ್ತ ಎಳೆಯುತ್ತಿದ್ದರು!

"ಬಿಡ್ರಿ! ನಾಣ್ಯ ಅಸಲಿ! ಸುಳ್ಳು ಹೇಳ್ದಾಂವ ನಾನು!"

ನಾಣ್ಯ, ಲೆನ್ಸ್ ಎರಡನ್ನೂ ಕೊಟ್ರಯ್ಯನ ಕೈಗೆ ತುರುಕಿದೆ.

"ವೈಸ್‌ನ್ಯಾಗ ಒತ್ತಿದ್ರ ಮುಂದಿನ ಸಿಂಹ ಚಪ್ಪಟಿ ಆಗ್ತಿತ್ರೀ. ಇಲ್ಲಿ ಒಂದೊಂದು ಕೂದ್ಲಾನೂ ಕಾಣ್ತೈತಿ. ಹಿಂದಿನ ಅಂಕಿನೂ ಅರ್ಧಂಬರ್ಧ ಉಳೀತಿತ್ತು, ಅದರದ್ದು ಒಂದಾರ ಗೀಟು ಐತೇನ್ ನೋಡ್ರಿ!"

ಅವನು ನೋಡಿದ. ತಿರುಗಿಸಿ ಹಿಂಬದಿಯನ್ನೂ ನೋಡಿದ. ಮುಖ ಬಿಳಿಚಿತು. ಬೆಲ್ಟ್ ನಿಲ್ಲಿಸಲು ಸನ್ನೆ ಮಾಡಿದ.

"ದವಾಖಾನ್ಯಾಗ ಕೈ ಮಿಷಿನ್‌ಗೆ ತಾನಾಗೇ ಸಿಕ್ಕಿತು ಅಂತ ಬರಸು," ಅಂದ. "ಈ ನಾಣ್ಯಾನ ಅಂವಗ ಕೊಟ್ಬಿಡು. ಇನ್ನೊಮ್ಮಿ ನಿನ್ನ ಮಾರಿ ತೋರಿಸಬ್ಯಾಡ."

ಆಸ್ಪತ್ರೆಯಲ್ಲಿ ತಾಯಪ್ಪ ಕಣ್ಣು ಬಿಟ್ಟಾಗ ಎಲ್ಲ ಹೇಳಿದೆ. ನಾಣ್ಯವನ್ನು ಅವನ ಎಡಗೈಯಲ್ಲಿಟ್ಟೆ. ಅವನು ಅದರ ಕಡೆ ನೋಡಲೇ ಇಲ್ಲ. ಎರಡು ಬೆರಳಿಲ್ಲದ ಬಲಗೈಯನ್ನು ನನ್ನ ಮೂಗಿನೆದುರು ಹಿಡಿದ.

"ಲೆನ್ಸ್ ತಗೀರಿ. ನೋಡಿ ಹೇಳ್ರಿ... ಇದು ಹುಟ್ಟುವಾಗಿನ ತಪ್ಪೋ, ಆಮ್ಯಾಲ ಆದ ಗಾಯಾನೋ?"

"ಆಮ್ಯಾಲ ಆದದ್ದು... ಮಾಡ್ದಾಂವ ನಾನು."

ನನ್ನ ಕಸುಬಿನಲ್ಲಿ ಅಷ್ಟು ನಿಖರವಾದ ತೀರ್ಪು ಮತ್ತೊಂದು ಕೊಟ್ಟಿಲ್ಲ. ಅದಕ್ಕೆ ಮಾತ್ರ ಫೀಸು ತೆಗೆದುಕೊಳ್ಳಲಿಲ್ಲ.