ಡಾಮಿನೊ ಮೇಜಿನ ಮೇಲೆ ಅಮ್ಮನ ಕಾಲೇಜು

ಅಜ್ಜ ಎಫ್ರಾಯಿನ್ ಡಾಮಿನೊ ಕಲ್ಲನ್ನು ಬಡಿದ ರಭಸಕ್ಕೆ ಮೇಜಿನ ಮೇಲಿದ್ದ ಕಾಫಿ ಲೋಟಗಳೆಲ್ಲ ಕುಣಿದವು.

"ಪೆಟ್ರೋಲು," ಎಂದರು. "ನಾನು ಕೊಡ್ತೀನಿ."

ಕಲ್ಲು ಬಿದ್ದದ್ದು ಎಡಗಡೆ, ಖರ್ಚಿನ ಸಾಲಿಗೆ. ಬಲಗಡೆ ಲಾಭದ ಸಾಲು. ಅಲ್ಲಿ ಕುರ್ಚಿಯ ಮೇಲೆ ಮೊಣಕಾಲೂರಿದ್ದ ಹತ್ತು ವರ್ಷದ ಜುಲ್ಮರಿ ಮುಖ ಗಂಟು ಹಾಕಿದಳು.

ಆ ಮನೆಯಲ್ಲಿ ದೊಡ್ಡ ಮಾತುಗಳೆಲ್ಲ ತೀರ್ಮಾನವಾಗುವುದು ಡಾಮಿನೊ ಮೇಜಿನ ಮೇಲೆ. ಎಷ್ಟು ಭಾರದ ವಿಷಯವೋ ಅಷ್ಟು ಚುಕ್ಕಿಯ ಕಲ್ಲು. ಖರ್ಚಿನ ಕಲ್ಲನ್ನು ಮಾತ್ರ ಅದನ್ನು ಹೊರುವವರೇ ಇಡಬೇಕು. ಇಡುವ ಕೈ ಇಲ್ಲದೆ ಒಂದೇ ಒಂದು ಖರ್ಚು ಉಳಿದರೂ ಮಾತು ಅಲ್ಲಿಗೇ ಬಿತ್ತು. ಹೋದ ವರ್ಷ ನಾಯಿ ಸಾಕುವ ಮಾತು ಹೀಗೇ ಬಿತ್ತು. ಮುಂಜಾನೆ ಎದ್ದು ನಾಯಿಯನ್ನು ಸುತ್ತಾಡಿಸುವ ಕಲ್ಲನ್ನು ಇಡಲು, ನಾಯಿ ಬೇಕು ಎಂದು ಅತ್ತಿದ್ದ ಜುಲ್ಮರಿಗೇ ಮನಸ್ಸು ಬರಲಿಲ್ಲ.

ಇವತ್ತಿನ ಮಾತು ಅಮ್ಮ ಮಿಗ್ದಾಲಿಯಾಳದು. ಬೇಕರಿಯಲ್ಲಿ ಬ್ರೆಡ್ ಸುಡುವ ಅಮ್ಮ ಎಲೆಕ್ಟ್ರಿಕಲ್ ಟೆಕ್ನಿಷಿಯನ್ ಆಗಲು ಎರಡು ವರ್ಷದ ಡಿಗ್ರಿಗೆ ಸೇರಬೇಕೋ ಬೇಡವೋ? ಕಾಲೇಜು ಬೆಟ್ಟ ಇಳಿದರೆ ಸಿಗುವ ಪೊನ್ಸೆ ಊರಿನಲ್ಲಿತ್ತು. ಜುಲ್ಮರಿ ಮಾತ್ರ 'ಅಮ್ಮ ಸೇರಿ ಆಯಿತು' ಎಂದು ಕ್ಲಾಸಿನಲ್ಲೆಲ್ಲ ಡಂಗುರ ಸಾರಿ ಬಂದಿದ್ದಳು.

ಬೀದಿಯವರ ಫ್ಯಾನುಗಳನ್ನೆಲ್ಲ ಹೇಗೂ ರಿಪೇರಿ ಮಾಡುತ್ತೀಯಲ್ಲ, ಮತ್ತೆ ಡಿಗ್ರಿ ಯಾಕೆ ಎಂದು ಅಜ್ಜ ಕೇಳಿದರು.

"ಫ್ಯಾನ್ ರಿಪೇರಿಗೆ ಕಾಫಿ ಕೊಡ್ತಾರೆ ಅಪ್ಪ," ಎಂದಳು ಅಮ್ಮ. "ಡಿಗ್ರಿ ಇದ್ರೆ ಸಂಬಳ ಕೊಡ್ತಾರೆ."

ಜುಲ್ಮರಿಗೆ ನಗು ತಡೆಯಲಾಗಲಿಲ್ಲ. ಹೆಚ್ಚು ಸಂಬಳ ಎಂದು ಒಂದು ಕಲ್ಲು ಇಟ್ಟಳು. ಎಲ್ಲರ ಮನೆಗೂ ಸೋಲಾರ್ ಬರುತ್ತಿದೆ, ಕೆಲಸಕ್ಕೆ ಬರವಿಲ್ಲ ಎಂದು ಇನ್ನೊಂದು. ಅಮ್ಮ ಹಳದಿ ಹೆಲ್ಮೆಟ್ ಹಾಕುತ್ತಾಳೆ ಎಂದು ಮತ್ತೊಂದು. ಹೆಲ್ಮೆಟ್ ಆದಾಯವಲ್ಲ, ಟೋಪಿ ಎಂದು ಅಜ್ಜ ಅದನ್ನು ಹಿಂದಕ್ಕೆ ತಳ್ಳಿದರು. ಸಾಕ್ಷಿಗೆಂದು ಬಂದಿದ್ದ ಪಕ್ಕದ ಮನೆಯ ದೊನ್ಯಾ ಕಾರ್ಮಿನ್ ಬಿದ್ದು ಬಿದ್ದು ನಕ್ಕರು.

ಫೀಸಿನ ಬಹುಪಾಲನ್ನು ಸರ್ಕಾರ ಕೊಡುತ್ತಿತ್ತು. ಆದರೆ ಅಮ್ಮ ಮಧ್ಯಾಹ್ನದ ಪಾಳಿ ಬಿಡಬೇಕು. ಎರಡು ವರ್ಷ ಅರ್ಧ ಸಂಬಳ. ಆ ಕಲ್ಲನ್ನೂ ಉಳಿದ ಫೀಸಿನ ಕಲ್ಲನ್ನೂ ಅಮ್ಮನೇ ಇಟ್ಟಳು. ಮೀಟರು, ಇಕ್ಕಳ ಎಲ್ಲ ತಮ್ಮ ಯಜಮಾನರ ಪೆಟ್ಟಿಗೆಯಲ್ಲಿವೆ ಎಂದು ಸಾಕ್ಷಿಗೆ ಬಂದ ದೊನ್ಯಾ ಕಾರ್ಮಿನ್ ಕೂಡ ಒಂದು ಕಲ್ಲು ಇಟ್ಟುಬಿಟ್ಟರು. ಅಜ್ಜ ಸ್ವಲ್ಪ ಯೋಚಿಸಿ ಐದು-ಆರು ಚುಕ್ಕಿಯ ಕಲ್ಲನ್ನು ಬಡಿದರು. ರಾತ್ರಿಯ ಅಡುಗೆ.

ಎಡಗಡೆಯ ಸಾಲು ರೈಲಿನಂತೆ ಬೆಳೆಯಿತು. ಅಜ್ಜ ಬೇಕೆಂದೇ ಅಡ್ಡಗಾಲು ಹಾಕುತ್ತಿದ್ದಾರೆ ಎಂದು ಜುಲ್ಮರಿಗೆ ಸಿಟ್ಟು ಬಂತು. ಹೆಲ್ಮೆಟ್‌ಗೆ ಎಲ್ಲಕ್ಕಿಂತ ದೊಡ್ಡ ಆರು-ಆರನ್ನೇ ಇಡುತ್ತೇನೆ ಎಂದು ಡಬ್ಬಿಗೆ ಕೈ ಹಾಕಿದಳು. ಅದು ಡಬ್ಬಿಯಲ್ಲಿರಲಿಲ್ಲ. ಅಮ್ಮನ ಮುಷ್ಟಿಯಲ್ಲಿತ್ತು.

"ಇದು ಎಡಗಡೇದು ಪುಟ್ಟಿ," ಎಂದಳು ಅಮ್ಮ.

"ಹಾಗಾದ್ರೆ ಇಡು."

"ನಾನು ಇಡೋ ಹಾಗಿಲ್ಲ. ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಕ್ಲಾಸು. ಇದು ನಿನ್ನ ಸಂಜೆ." ಅಮ್ಮ ಕಲ್ಲನ್ನು ಅವಳ ಮುಂದೆ ಇಟ್ಟಳು. "ಮನಸ್ಸಿಲ್ಲದಿದ್ರೆ ಡಬ್ಬಿಗೆ ಹಾಕು. ನಂಗೇನೂ ಬೇಜಾರಿಲ್ಲ."

ಜುಲ್ಮರಿ ಡಬ್ಬಿಯಿಂದ ಕೈ ತೆಗೆದಳು. ಸಂಜೆಯೆಂದರೆ ಮೆಟ್ಟಿಲ ಮೇಲೆ ಅಮ್ಮ ಅವಳ ಜಡೆ ಹೆಣೆಯುವುದು. ತೋಟದಲ್ಲಿ ಕಪ್ಪೆಗಳು ಕೂಗಲು ಶುರುಮಾಡಿದಾಗ, ಶಾಲೆಯಲ್ಲಿ ಯಾರು ಯಾರನ್ನು ನೂಕಿದರು ಎಂಬುದರಿಂದ ಹಿಡಿದು ಎಲ್ಲವನ್ನೂ ಒದರುವುದು. ಅಂಥ ಎರಡು ವರ್ಷದ ಸಂಜೆಗಳು ಇಲ್ಲವಾಗುತ್ತವೆ. ಲಾಭ ಎಣಿಸುವ ಗಡಿಬಿಡಿಯಲ್ಲಿ ಇದು ಅವಳಿಗೆ ಹೊಳೆದೇ ಇರಲಿಲ್ಲ.

ಯಾರೂ ಅವಸರ ಮಾಡಲಿಲ್ಲ. ಅಜ್ಜ ಗೋಡೆಯ ಕಡೆ ನೋಡುತ್ತಿದ್ದರು.

ಅವಳು ಎಡಗಡೆಯ ಸಾಲನ್ನು ಮತ್ತೊಮ್ಮೆ ನೋಡಿದಳು. ಪೆಟ್ರೋಲು ಎಂದರೆ ಅಜ್ಜನ ಪೆನ್ಷನ್ ದುಡ್ಡು. ಅಡುಗೆ ಎಂದರೆ, ನೀರು ಕಾಯಿಸಿದರೂ ಪಾತ್ರೆ ಸೀಯಿಸುವ ಅಜ್ಜ, ದಿನಾ ರಾತ್ರಿ ಒಲೆಯ ಮುಂದೆ ನಿಂತು ತೊಗರಿಕಾಳಿನ ಅನ್ನ ಮಾಡುವುದು. ಅಷ್ಟುದ್ದದ ಸಾಲಿನಲ್ಲಿ ಬೇಡ ಎನ್ನುವ ಕಲ್ಲು ಒಂದೂ ಇರಲಿಲ್ಲ.

ಜುಲ್ಮರಿ ಮೂಗು ಒರೆಸಿಕೊಂಡು, ಆರು-ಆರನ್ನು ಅಜ್ಜನ ಐದು-ಆರಿನ ಪಕ್ಕಕ್ಕೆ ಒತ್ತಿ ಇಟ್ಟಳು.

ಅಮ್ಮನ ಕಣ್ಣು ತುಂಬಿ ಬಂತು. "ಸ್ವಲ್ಪ ಚಿಕ್ಕ ಕಲ್ಲು ತಗೋಬಹುದು ಕಂದಾ," ಎಂದಳು.

"ಬೇಡ ಅಮ್ಮ," ಎಂದಳು ಜುಲ್ಮರಿ. "ಅದು ಇರೋದೇ ಇಷ್ಟು ದೊಡ್ಡದು."