ಅಮಾಸೆ ದಿನದ ಕೊಂಡಿ

2025ರ ಫೆಬ್ರುವರಿ 3ರ ಬೆಳಿಗ್ಗೆ ಹಿರೇಕೊಡಿಗೆಯ ಕೂಲಿಕಾರ ಪುಟ್ಟಯ್ಯ ಕೊಪ್ಪ ಠಾಣೆಗೆ ಬಂದು ದೂರು ಕೊಟ್ಟ. ಏರುದಾರಿಯಲ್ಲಿ ಟ್ರ್ಯಾಕ್ಟರಿನ ಕೊಂಡಿ ತುಂಡಾಗಿ, ಗೊಬ್ಬರ ತುಂಬಿದ ಟ್ರೈಲರ್ ಹಿಂದಕ್ಕೆ ಉರುಳಿ, ಅದರ ಮೇಲೆ ಕೂತಿದ್ದ ಅವನ ಹೆಂಡತಿ ಸುಬ್ಬಿ ಸತ್ತಿದ್ದಳು.

"ಹರೀಶನೇ ಗರಗಸ ಹಾಕಿದ್ದು ಸಾರ್. ಆ ಟ್ರ್ಯಾಕ್ಟರಿನ ಡ್ರೈವರ್ ಕೆಲ್ಸದಿಂದ ಬಿಡ್ಸಿದ್ಕೆ, ಆ ಕೊಂಡಿ ಮುರ್ದು ಹೋಗ್ಲಿ ಅಂತ ಊರೆಲ್ಲ ಹೇಳ್ಕಂಡು ತಿರುಗ್ತಿದ್ದ."

ಇನ್‌ಸ್ಪೆಕ್ಟರ್ ರಘುಪತಿ ಎಫ್‌ಐಆರ್ ದಾಖಲಿಸಿ, ಸ್ಥಳ ಪಂಚನಾಮೆ ಮಾಡಿ, ಕೊಂಡಿಯ ಎರಡೂ ತುಂಡುಗಳನ್ನು ಪ್ರಯೋಗಾಲಯಕ್ಕೆ ಕಳಿಸಿದ. ಹರೀಶನನ್ನು ಕೊಲೆ ಆರೋಪದ ಮೇಲೆ ಜೈಲಿಗೆ ಕಳಿಸಿದ್ದಾಯಿತು. "ನಂದು ಬಾಯಿ ಹರ್ಕು ಸಾರ್, ಕೈಯಲ್ಲ" ಎಂದು ಹರೀಶ ಜೀಪು ಹತ್ತುವವರೆಗೂ ಹೇಳುತ್ತಿದ್ದ.

ಮಾರ್ಚಿನಲ್ಲಿ ಪ್ರಯೋಗಾಲಯದ ಅರ್ಪಣಾ ಫೋನ್ ಮಾಡಿದಳು.

"ಗರಗಸದ ಗುರುತೇ ಇಲ್ಲ ಸಾರ್. ಕಾಯಿಸದೆ ಬಗ್ಗಿಸಿ, ನೆಟ್ಟಗೆ ಮಾಡಿ, ಮತ್ತೆ ಬಗ್ಗಿಸಿದಾರೆ."

"ಬಗ್ಗಿಸಿದ್ರೆ ಮುರಿಯತ್ತಾ? ಅರ್ಥ ಆಗೋ ಹಾಗೆ ಹೇಳಮ್ಮ."

"ಲೋಹದೊಳಗೆ ಪರಮಾಣುಗಳು ಸಾಲಾಗಿ ಕೂತಿರ್ತಾವೆ. ಅಲ್ಲಲ್ಲಿ ಒಂದು ಸಾಲು ಅರ್ಧಕ್ಕೇ ನಿಂತಿರತ್ತೆ. ಆ ದೋಷ ಸರಿದಾಡೋದ್ರಿಂದಲೇ ಕಬ್ಬಿಣ ಬಗ್ಗೋದು. ತಣ್ಣಗೇ ಬಗ್ಗಿಸ್ತಾ ಹೋದ್ರೆ ಅಂಥ ದೋಷ ಲೆಕ್ಕವಿಲ್ಲದಷ್ಟು ಹುಟ್ಟಿ ಒಂದಕ್ಕೊಂದು ಸಿಕ್ಕಿಹಾಕ್ಕೊಳ್ತಾವೆ, ಸಂತೆ ದಿನದ ಬಸ್‌ಸ್ಟ್ಯಾಂಡ್ ಇದ್ದಂಗೆ. ಯಾವುದಕ್ಕೂ ಸರಿದಾಡಕ್ಕೆ ಆಗಲ್ಲ. ಆಮೇಲೆ ಬಿರುಕೇ ಗತಿ."

"ಕಾಯಿಸಿದ್ದಿದ್ರೆ?"

"ಆ ಸಿಕ್ಕು ಬಿಚ್ಚಿಕೊಳ್ತಿತ್ತು. ಆ ಹೆಂಗಸು ಉಳೀತಿದ್ರು."

ಟ್ರ್ಯಾಕ್ಟರ್ ಮಾಲೀಕ ಯಜ್ಞೇಶ ಭಟ್ಟ ತಡವರಿಸದೆ ಹೇಳಿದ: "ಕೊಂಡಿ ಬಾಯಿ ಅಗಲ ಆಗಿತ್ತು. ಜನವರಿ 29, ಬುಧವಾರ ಕಮ್ಮಾರ ಗಣಪಯ್ಯನ ಹತ್ರ ಕೊಟ್ಟೆ. ಸಂಜೆಗೇ ಮಾಡಿಕೊಟ್ಟ."

ಗಣಪಯ್ಯ ಕುಲುಮೆ ಮುಂದೆ ಇಕ್ಕಳ ಹಿಡಿದು ಕೂತಿದ್ದ.

"ಕೆಂಪಗೆ ಕಾಯಿಸಿಯೇ ಬಗ್ಗಿಸಿದ್ದು ಸ್ವಾಮಿ."

ರಘುಪತಿಯ ನೆತ್ತಿ ಬಿಸಿಯಾಯಿತು. ಅಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್ ಕರಿಬಸವಯ್ಯ ಗೋಡೆಯ ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ತಿರುವಿ ಕೇಳಿದ, "ಅವತ್ತು ಅಮಾಸೆ ಅಲ್ವೇನ್ರಿ? ಕುಲುಮೆ ಹಚ್ಚಿದ್ರಾ?"

ಅಮಾವಾಸ್ಯೆಯ ದಿನ ಗಣಪಯ್ಯನ ಮನೆತನದಲ್ಲಿ ಯಾರೂ ಕುಲುಮೆಗೆ ಬೆಂಕಿ ಹಾಕಿದವರಲ್ಲ. ಹಚ್ಚಿದೆ ಎಂದುಬಿಟ್ಟರೆ ಆ ಹೊತ್ತಿಗೆ ಪಾರಾಗುತ್ತಿದ್ದ.

"ಬಾಯಿ ಬಿಡು ಮಾರಾಯ. ಹಚ್ಚಿದ್ಯಾ, ಇಲ್ವಾ?" ರಘುಪತಿ ಗದರಿಸಿದ.

"ಅಮಾಸೆ ದಿನ ಬೆಂಕಿ ಹಾಕ್ದೆ ಅನ್ನಕ್ಕೆ ಬಾಯಿ ಬರಲ್ಲ ಸ್ವಾಮಿ."

"ಹರೀಶ ಒಳಗೆ ಕೊಳೀತಾ ಇದಾನೆ. ಅದನ್ನ ನೋಡ್ಕೊಂಡು ಬಾಯಿ ಮುಚ್ಚಿ ಕೂರಕ್ಕೆ ಬಂತಲ್ಲ?"

ಗಣಪಯ್ಯ ಇಕ್ಕಳ ಕೆಳಗಿಟ್ಟು ಒಪ್ಪಿಕೊಂಡ. ಅಮಾಸೆ ದಿನ ಕೆಲಸ ಮಾಡುವ ಸದ್ದು ಹೊರಗೆ ಕೇಳಬಾರದೆಂದು ಅವತ್ತು ಸುತ್ತಿಗೆ ಮುಟ್ಟಿರಲಿಲ್ಲ. ಬಾಗಿಲು ಹಾಕಿಕೊಂಡು, ಕೊಂಡಿಗೆ ಪೈಪು ಸಿಕ್ಕಿಸಿ ಎಳೆದಿದ್ದ. ಮೊದಲ ಸಲ ಹೆಚ್ಚು ಬಗ್ಗಿತು. ನೆಟ್ಟಗೆ ಮಾಡಿ ಮತ್ತೆ ಎಳೆದ.

ಕೊಲೆಯ ಕಲಂ ಕೈಬಿಟ್ಟು, ನಿರ್ಲಕ್ಷ್ಯದಿಂದಾದ ಸಾವಿನ ಕಲಂ ಹಾಕಿ ಗಣಪಯ್ಯನನ್ನು ಬಂಧಿಸಲಾಯಿತು. ಹರೀಶನ ಬಿಡುಗಡೆಗೆ ಅಂದೇ ವರದಿ ಹೋಯಿತು.

"ಭಟ್ರಿಗೆ ನಾಳೆ ಬನ್ನಿ ಅನ್ನಕ್ಕೇನಾಗಿತ್ತು?" ಜೀಪಿನಲ್ಲಿ ರಘುಪತಿ ಕೇಳಿದ.

"ಭಟ್ರು ನರಸಿಂಹರಾಜಪುರಕ್ಕೆ, ನನ್ನ ತಮ್ಮನ ಅಂಗಡಿಗೆ ಹೋಗ್ತಿದ್ರು. ಪಾಲಾಗಿ ಹೋದವನು. ಗ್ಯಾಸಲ್ಲಿ ಕಾಯಿಸ್ತಾನೆ, ಅಮಾಸೆ ಗಿಮಾಸೆ ನೋಡಲ್ಲ."

"ಅವನು ಮಾಡಿದ್ರೆ ಕೊಂಡಿ ತಡೀತಿತ್ತಾ?"



"ತಡೀತಿತ್ತು ಸ್ವಾಮಿ."